ಡಿಸ್ಕ್ ಹೋಗದ ಮೂಲೆಯ ವೆಲ್ಡಿಂಗ್ ಉಜ್ಜುವುದು ಹೇಗೆ?

ಕಾರವಾರದ ಕಡೆ ಕಬ್ಬಿಣದ ಗೇಟಿಗೆ ಮೊದಲು ತುಕ್ಕು ಹಿಡಿಯುವುದು ಎಲ್ಲಿ ಅಂತ ಗಮನಿಸಿದ್ದೀರಾ? ನಡುವಿನ ಸರಳಿಗಲ್ಲ, ಮೂಲೆಗೆ. ಎರಡು ಪೈಪು ಕೂಡುವ ಕಡೆ ವೆಲ್ಡಿಂಗ್ ಗಂಟು ಹಾಗೇ ಉಳಿದಿರುತ್ತದೆ. ಸಂದಿಯಲ್ಲಿ ಸ್ಲ್ಯಾಗ್, ಅಂದರೆ ವೆಲ್ಡಿಂಗ್ ಮೇಲೆ ಕಟ್ಟುವ ಗಾಜಿನಂಥ ಕಪ್ಪು ಹೊಪ್ಪಳೆ, ಕೂತಿರುತ್ತದೆ, ಅದರ ಮೇಲೇ ಪೇಂಟ್ ಬಳಿದಿರುತ್ತಾರೆ. ಒಂದು ಮಳೆಗಾಲ ಕಳೆದರೆ ಸಾಕು, ಪೇಂಟ್ ಉಬ್ಬಿ ಅಲ್ಲಿಂದ ಕಂದು ನೀರು ಇಳಿಯುತ್ತದೆ. ನಮ್ಮ ಮನೆಯ ಗೇಟಿಗೂ ಹಾಗೇ ಆಯಿತು. ಮಾಡಿಕೊಟ್ಟವನನ್ನು ಕೇಳಿದರೆ, "ಆ ಮೂಲೆಗೆ ಗ್ರೈಂಡರ್ ಹೋಗುದಿಲ್ಲ ಮಾರಾಯ್ರೆ" ಅಂದ.

ಅವನು ಹೇಳಿದ್ದು ಸುಳ್ಳಲ್ಲ. ಆದರೆ ಹೋಗುವ ಸಾಮಾನು ಬೇರೆ ಇದೆ. ಯಾವುದು ಅಂತ ಗೊತ್ತಾಗಬೇಕಾದರೆ ಅಂಗಡಿಗೆ ಹೋಗುವ ಮೊದಲು ಮೂಲೆಯನ್ನು ಸರಿಯಾಗಿ ನೋಡಬೇಕು.

ಉಜ್ಜಲೇಬೇಕಾ?

ಒಳಮೂಲೆಯ ವೆಲ್ಡಿಂಗ್‌ಗೆ ಬಲ ಬರುವುದು ಅದರ ದಪ್ಪದಿಂದ. ಎರಡೂ ಕಡೆ 6 ಮಿ.ಮೀ. ಹರಡಿಕೊಂಡ ವೆಲ್ಡಿಂಗ್‌ನ ನಡುವಿನ ದಪ್ಪ ಸುಮಾರು 4.2 ಮಿ.ಮೀ. ಅಷ್ಟೇ. ಚೆಂದಕ್ಕೆ ಅಂತ ಅದರಲ್ಲಿ 2 ಮಿ.ಮೀ. ಉಜ್ಜಿ ತೆಗೆದರೆ ಹೆಚ್ಚುಕಡಿಮೆ ಅರ್ಧ ಬಲ ಹೋಯಿತು. ಹಾಗಾಗಿ ನೀರಿನ ಟ್ಯಾಂಕಿನ ಸ್ಟ್ಯಾಂಡ್, ಅಡಿಕೆ ಸುಲಿಯುವ ಯಂತ್ರದ ಕಾಲು, ಬೋಟಿನ ವಿಂಚ್ ಕೂರುವ ಚೌಕಟ್ಟು, ಇಂಥ ಭಾರ ಹೊರುವ ಜಾಗದಲ್ಲಿ ಸ್ಲ್ಯಾಗ್ ಕೆತ್ತಿ, ಸಿಡಿದ ಹನಿಗಳನ್ನು ತೆಗೆದು, ವೈರ್ ಬ್ರಷ್ ಹಾಕಿ ಬಿಟ್ಟುಬಿಡಿ. ನುಣ್ಣಗೆ ಮಾಡಲು ಹೋಗಬೇಡಿ. ಗೇಟು, ಕಿಟಕಿ, ಮೆಟ್ಟಿಲ ರೇಲಿಂಗ್, ಕೈ ತಾಗುವ ಜಾಗ, ಇವಕ್ಕೆ ಮಾತ್ರ ಮುಂದಿನ ಮಾತು.

ನಾಣ್ಯ ಮತ್ತು ಕಾಳುಮೆಣಸು

ಒಂದು ಬೆಂಕಿಪೊಟ್ಟಣದ ಒಳಡಬ್ಬಿಯನ್ನು ಖಾಲಿ ಮಾಡಿ, ಅದರ ಮೂಲೆಗೆ ಒಂದು ರೂಪಾಯಿ ನಾಣ್ಯ ಒತ್ತಿ ಇಡಿ. ನಾಣ್ಯ ಎರಡೂ ಗೋಡೆಗೆ ತಾಗುತ್ತದೆ, ಆದರೆ ಮೂಲೆಗೆ ತಾಗುವುದಿಲ್ಲ. ಈಗ ನಾಣ್ಯ ತೆಗೆದು ಕಾಳುಮೆಣಸಿನ ಒಂದು ಕಾಳು ಇಡಿ. ಹೆಚ್ಚುಕಡಿಮೆ ಮೂಲೆಯಲ್ಲೇ ಹೋಗಿ ಕೂರುತ್ತದೆ.

ಗ್ರೈಂಡರಿನ ಡಿಸ್ಕಿನ ಕತೆಯೂ ಇಷ್ಟೇ. ಚೌಕ ಮೂಲೆಯಲ್ಲಿ 4 ಇಂಚಿನ ಡಿಸ್ಕ್ ಮಲಗಿಸಿದರೆ ತುದಿಯಲ್ಲಿ ಸುಮಾರು 20 ಮಿ.ಮೀ. ಮುಟ್ಟದೆ ಉಳಿಯುತ್ತದೆ. ಬರ್ ಅಂದರೆ ಕಡ್ಡಿಯ ತುದಿಯಲ್ಲಿ ಹಲ್ಲುಗಳಿರುವ ಸಣ್ಣ ತಲೆ, ಸುತ್ತುತ್ತಾ ಕಬ್ಬಿಣ ಕೆರೆಯುವ ಸಾಮಾನು. 10 ಮಿ.ಮೀ. ದಪ್ಪದ ಬರ್ ಇಟ್ಟರೆ ಉಳಿಯುವುದು 2 ಮಿ.ಮೀ. ಮಾತ್ರ. ಎರಡೇ ಗೋಡೆ ಕೂಡುವ ಉದ್ದ ಮೂಲೆಯಾದರೆ ಡಿಸ್ಕಿನ ಅಂಚು ಗೆರೆಯ ಉದ್ದಕ್ಕೂ ಓಡುತ್ತದೆ, ತೊಂದರೆಯಿಲ್ಲ. ಮೂರು ಗೋಡೆ ಕೂಡುವ ಕಡೆಯೇ ತಲೆನೋವು. ನಿಮ್ಮದು ಯಾವ ಮೂಲೆ ಅಂತ ಮೊದಲು ಎಣಿಸಿ.

ಇದ್ದ ಗ್ರೈಂಡರಿನಲ್ಲೇ ಎಷ್ಟಾಗುತ್ತದೆ

4 ಇಂಚಿನ ಗ್ರೈಂಡರ್ ಎಲ್ಲರ ಹತ್ತಿರವೂ ಇರುತ್ತದೆ. ಎರಡು ಗೋಡೆಯ ಮೂಲೆಗೆ 40 ನಂಬರಿನ, ಅಂದರೆ ಒರಟಾದ, ಫ್ಲ್ಯಾಪ್ ಡಿಸ್ಕ್ (ಎಮರಿ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಡಿಸ್ಕ್) ಹಾಕಿ ಗಂಟು ಇಳಿಸಿ, ಆಮೇಲೆ 80 ನಂಬರ್ ಹಾಕಿ ನಯ ಮಾಡಿ. ಸವೆದು 3 ಇಂಚಿಗೆ ಬಂದ ಗ್ರೈಂಡಿಂಗ್ ವೀಲ್ ಬಿಸಾಡಬೇಡಿ, ಅದು ಇನ್ನಷ್ಟು ಒಳಗೆ ಹೋಗುತ್ತದೆ. ಅದಕ್ಕಿಂತ ಜಾಸ್ತಿ ಸವೆದರೆ ಗ್ರೈಂಡರಿನ ತಲೆಯೇ ಅಡ್ಡ ಬರುತ್ತದೆ.

ಆದರೆ 7 ಇಂಚಿನ ಹಳೇ ಡಿಸ್ಕ್ ಸವೆದು ಸಣ್ಣದಾಗಿದೆ ಅಂತ, ವಾಷರ್ ಕೊಟ್ಟು 4 ಇಂಚಿನ ಗ್ರೈಂಡರಿಗೆ ಸಿಕ್ಕಿಸುವವರನ್ನು ನೋಡಿದ್ದೇನೆ. ಅದು ಮಾತ್ರ ಬೇಡವೇ ಬೇಡ. 7 ಇಂಚಿನ ಡಿಸ್ಕಿನ ಮೇಲೆ ನಿಮಿಷಕ್ಕೆ ಸುಮಾರು 8,500 ಸುತ್ತು ಅಂತ ಮಿತಿ ಬರೆದಿರುತ್ತದೆ. ಸಣ್ಣ ಗ್ರೈಂಡರ್ 11,000 ಸುತ್ತು ಹಾಕುತ್ತದೆ. ಡಿಸ್ಕ್ ಒಡೆದರೆ ಚೂರು ಬರುವುದು ಮುಖಕ್ಕೇ. ತೆಳ್ಳಗಿನ ಕಟಿಂಗ್ ವೀಲನ್ನು ಅಡ್ಡ ಮಲಗಿಸಿ ಉಜ್ಜುವುದೂ ಇದೇ ಜಾತಿಯ ಸಾಹಸ.

ಮೂರು ಗೋಡೆಯ ಮೂಲೆಗೆ ಬರ್

ಇಲ್ಲಿ ನಾನೇ ಒಮ್ಮೆ ಮೋಸಹೋದೆ. ಕಾರ್ಬೈಡ್ ಬರ್ ಒಂದನ್ನು ಕೊಂಡೆ. ಅಂಗಡಿಯವ "ಮನೆಯ ಡ್ರಿಲ್ ಮೆಷಿನ್ನಿಗೇ ಆಗುತ್ತೆ" ಅಂದ. ಹಾಕಿದೆ. ಕಬ್ಬಿಣ ಕೊರೆಯುವ ಬದಲು ಅದು ಕುಣಿಯತೊಡಗಿತು. ಹತ್ತು ನಿಮಿಷದಲ್ಲಿ ಎರಡು ಹಲ್ಲು ಮುರಿಯಿತು, ಗಂಟು ಇದ್ದಲ್ಲೇ ಇತ್ತು. ಕಾರಣ ಸುಲಭ: ಡ್ರಿಲ್ ಮೆಷಿನ್ ಸುತ್ತುವುದು ನಿಮಿಷಕ್ಕೆ 3,000ದ ಆಸುಪಾಸು. ಬರ್‌ಗೆ ಬೇಕಾದದ್ದು ಅದರ ಹಲವು ಪಟ್ಟು.

ಆ ವೇಗ ಕೊಡುವುದು ಡೈ ಗ್ರೈಂಡರ್. ಉದ್ದ ಮೂತಿಯ, ಬರ್‌ನ 6 ಮಿ.ಮೀ. ಕಡ್ಡಿ ಹಿಡಿಯುವ ಮೆಷಿನ್. ಸಾಮಾನ್ಯವಾಗಿ 25,000ಕ್ಕೂ ಮೇಲೆ ಸುತ್ತುತ್ತದೆ. ವೇಗ ತಗ್ಗಿಸುವ ಗುಂಡಿ ಇರುವುದನ್ನೇ ಕೊಳ್ಳಿ, ದಪ್ಪ ಬರ್‌ಗೆ ಅಷ್ಟು ವೇಗ ಬೇಡ. ಬರ್‌ಗಳಲ್ಲಿ ಹತ್ತಾರು ಆಕಾರ ಇದ್ದರೂ ಎರಡು ಸಾಕು. ತುದಿ ದುಂಡಗಿರುವ ಉರುಳೆಯಂಥದ್ದು ಗೆರೆಯ ಉದ್ದಕ್ಕೆ. ಮೊನೆ ಚೂಪಾಗುತ್ತಾ ಹೋಗುವಂಥದ್ದು ಮೂರು ಗೋಡೆಯ ತುದಿಗೆ. ಕಬ್ಬಿಣಕ್ಕೆ ಹಲ್ಲುಗಳು ಎರಡೂ ದಿಕ್ಕಿನಲ್ಲಿ ಕತ್ತರಿಸಿಕೊಂಡಿರುವ ಡಬಲ್ ಕಟ್ ಕೇಳಿ.

ಬಳಸುವಾಗ ಒತ್ತಬೇಡಿ. ಮೆಷಿನ್ ಪೂರ್ತಿ ವೇಗಕ್ಕೆ ಬಂದ ಮೇಲೆ ಮುಟ್ಟಿಸಿ, ಬ್ರಷ್ ಆಡಿಸಿದ ಹಾಗೆ ಎಳೆಯುತ್ತಾ ಹೋಗಿ. ಬರ್ ಎರಡೂ ಗೋಡೆಗೆ ಒಟ್ಟಿಗೇ ಕಚ್ಚಿಕೊಂಡರೆ ಕೈ ಜಗ್ಗುತ್ತದೆ, ಆದ್ದರಿಂದ ಒಂದು ಬದಿ ಮುಗಿಸಿ ಇನ್ನೊಂದು. ಉದ್ದ ಕಡ್ಡಿಯ ಬರ್ ಹಾಕಿದ್ದರೆ ಖಾಲಿ ಗಾಳಿಯಲ್ಲಿ ಪೂರ್ತಿ ವೇಗ ಕೊಡಲೇಬೇಡಿ. ಕಡ್ಡಿ ಬಾಗಿ ಹಾರುತ್ತದೆ. ಅದಕ್ಕೆ ವೇಗ ತೀರಾ ತಗ್ಗಿಸಿ, ಕೆಲಸಕ್ಕೆ ತಾಗಿಸಿಟ್ಟೇ ಚಾಲೂ ಮಾಡಬೇಕು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಬರ್‌ನಿಂದ ಬೀಳುವುದು ಪುಡಿಯಲ್ಲ, ಸಣ್ಣ ಸೂಜಿಗಳು. ಬರಿಗಾಲಲ್ಲಿ ಓಡಾಡಿದರೆ ಎರಡು ದಿನ ಪಾದದಲ್ಲಿ ಹುಡುಕುತ್ತಾ ಕೂರಬೇಕು. ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ನೆಲದ ಮೇಲೆ ಆಡಿಸಿ. ಚೀಲ ತಿರುವಿ ತೆಗೆದರೆ ಸೂಜಿಗಳೆಲ್ಲ ಒಳಗೆ.

ಸರಳುಗಳ ಸಂದಿಗೆ

ಕಿಟಕಿ ಗ್ರಿಲ್ಲಿನ ಸಂದಿಗೆ ಬೆಲ್ಟ್ ಫೈಲ್ ಚೆನ್ನ. ಒಂದು ಬೆರಳಿನಷ್ಟು ಅಗಲದ ಎಮರಿ ಪಟ್ಟಿ ಸುತ್ತುವ ಸಾಮಾನು ಇದು. ಗಾಳಿಯಿಂದ ಓಡುವುದಕ್ಕೆ ದೊಡ್ಡ ಕಂಪ್ರೆಸರ್ ಬೇಕು. ಗ್ರೈಂಡರಿಗೇ ಸಿಕ್ಕಿಸುವಂಥದ್ದೂ ಬರುತ್ತದೆ, ಮನೆಗೆ ಅದೇ ಸಾಕು.

ಒಂದೆರಡು ಮೂಲೆಯಷ್ಟೇ ಇದ್ದರೆ ಏನನ್ನೂ ಕೊಳ್ಳಬೇಡಿ. ಅರ ತೆಗೆದುಕೊಳ್ಳಿ. ಒಂದು ಮುಕ್ಕೋನದ್ದು, ಒಂದು ಅರ್ಧ ದುಂಡಗಿನದ್ದು. ಹಲ್ಲಿಗೆ ಮೊದಲೇ ಸೀಮೆಸುಣ್ಣ ಉಜ್ಜಿಟ್ಟರೆ ಪುಡಿ ಕಚ್ಚಿಕೊಳ್ಳುವುದಿಲ್ಲ. ಶಿರಸಿ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೂ ಕೆಲಸ ನಿಲ್ಲದ ಸಾಮಾನು ಇದೊಂದೇ.

ಸ್ಟೀಲ್ ರೇಲಿಂಗ್ ಆದರೆ

ಕಬ್ಬಿಣ ಉಜ್ಜಿದ ಡಿಸ್ಕನ್ನೇ ಸ್ಟೇನ್‌ಲೆಸ್ ಸ್ಟೀಲಿಗೆ ಹಾಕಬೇಡಿ. ಕಬ್ಬಿಣದ ಕಣ ಸ್ಟೀಲಿನ ಮೇಲೆ ಕೂತು, ಉಪ್ಪುಗಾಳಿಗೆ ಸಣ್ಣ ಸಣ್ಣ ಕಂದು ಚುಕ್ಕೆ ಏಳುತ್ತವೆ. ಆಮೇಲೆ ಸ್ಟೀಲ್ ಮಾರಿದವನನ್ನು ಬೈಯುತ್ತೇವೆ. ಡಿಸ್ಕ್, ಬರ್, ವೈರ್ ಬ್ರಷ್ ಎಲ್ಲ ಬೇರೆಯೇ ಇಡಿ, ಹಿಡಿಕೆಗೆ ಬಣ್ಣದ ಟೇಪ್ ಸುತ್ತಿ.

ಬೋಟಿನ ಕೆಲಸದವರಿಗೆ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ರಜೆ. ಬೈತಖೋಲ ಬಂದರಿನಲ್ಲೋ ತದಡಿ ಬಂದರಿನಲ್ಲೋ ರಿಪೇರಿ ನಡೆಯುವುದು ಆಗಲೇ, ಅಂದರೆ ಜಡಿಮಳೆಯಲ್ಲಿ. ಒದ್ದೆ ನೆಲದಲ್ಲಿ ನಿಂತು ಗ್ರೈಂಡರ್ ಹಿಡಿಯುವವರು ಕರೆಂಟ್ ಸೋರಿದರೆ ತಾನೇ ಬೀಳುವ ಬ್ರೇಕರ್ ಇಲ್ಲದೆ ಪ್ಲಗ್ ಹಾಕಬಾರದು. ನೈಲಾನ್ ಬಲೆ ಪಕ್ಕದಲ್ಲಿದ್ದರೆ ದೂರ ಸರಿಸಿ, ಒಂದು ಕಿಡಿಗೆ ಬಲೆ ಕರಗಿ ತೂತಾಗುತ್ತದೆ. ಎಂಜಿನ್ ಕೋಣೆಯಲ್ಲಿ ಡೀಸೆಲ್ ವಾಸನೆ ಇದ್ದರೆ ಅವತ್ತು ಅರವೇ ಗತಿ. ಕನ್ನಡಕ ಎಲ್ಲರಿಗೂ ಬೇಕು. ಲುಂಗಿ ಯಾರಿಗೂ ಬೇಡ, ಬಟ್ಟೆ ಸುತ್ತಿಕೊಂಡರೆ ಮೆಷಿನ್ ಬಿಡುವುದಿಲ್ಲ.

ಪೇಂಟ್ ಅವತ್ತೇ

ಉಜ್ಜಿದ ಕಬ್ಬಿಣ ಬೆಳ್ಳಿಯ ಹಾಗೆ ಹೊಳೆಯುತ್ತದೆ. ನಾಳೆ ಬಳಿದರಾಯಿತು ಅಂತ ಬಿಟ್ಟರೆ ನಮ್ಮ ಕರಾವಳಿಯಲ್ಲಿ ಬೆಳಗಾಗುವುದರೊಳಗೆ ಅರಿಶಿನ ಬಳಿದ ಹಾಗೆ ಆಗಿರುತ್ತದೆ. ಒಣಬಟ್ಟೆಯಲ್ಲಿ ಒರೆಸಿ ಅವತ್ತೇ ಪ್ರೈಮರ್ ಹಾಕಿ. ಜಿ.ಐ. ಪೈಪಾದರೆ ಸತುವಿನ ಪ್ರೈಮರ್, ಯಾಕೆಂದರೆ ಮೇಲಿನ ಸತುವನ್ನು ನೀವೇ ಉಜ್ಜಿ ತೆಗೆದಿದ್ದೀರಿ. ರೋಲರ್ ಮೂಲೆಗೆ ಹೋಗುವುದಿಲ್ಲ, ಅದೂ ಡಿಸ್ಕಿನ ಜಾತಿಯೇ. ಸಣ್ಣ ಬ್ರಷ್‌ನಲ್ಲಿ ಮೂಲೆಗಳಿಗೆ ಮೊದಲು ಒಂದು ಕೈ ಕೊಟ್ಟು, ಒಣಗಿದ ಮೇಲೆ ಇಡೀ ಗೇಟಿಗೆ ಬಳಿಯಿರಿ.