ಶಾಲೆ ಮೊದಲು, ಮನೆ ಆಮೇಲೆ: ದುಬೈ–ಶಾರ್ಜಾಕ್ಕೆ ಹೊಸದಾಗಿ ಬಂದವರಿಗೆ

ಹೊಸದಾಗಿ ಬಂದವರು ನಮ್ಮ ಕನ್ನಡ ಸಂಘದವರನ್ನು ಮೊದಲು ಕೇಳುವುದು "ಬಾಡಿಗೆ ಎಲ್ಲಿ ಕಮ್ಮಿ?" ಅಂತ. ಉತ್ತರ ಸುಲಭ: ಶಾರ್ಜಾ. ಆದರೆ ಶಾಲೆಗೆ ಹೋಗುವ ಮಕ್ಕಳಿದ್ದರೆ ಅದು ಎರಡನೇ ಪ್ರಶ್ನೆ. ಮೊದಲು ಶಾಲೆಯ ಸೀಟು ಗಟ್ಟಿಯಾಗಲಿ, ಮನೆ ಆಮೇಲೆ ನೋಡೋಣ.

ಇಲ್ಲಿನ ಇಂಡಿಯನ್ ಸಿಲಬಸ್ ಶಾಲೆಗಳು ಏಪ್ರಿಲ್‌ನಲ್ಲಿ ಶುರುವಾಗುತ್ತವೆ. ನಡುವೆ ಬಂದರೆ ಸೀಟು ಸಿಕ್ಕ ಕಡೆ ಸೇರಿಸಬೇಕು. ದುಬೈಯಲ್ಲಿ ಊದ್ ಮೇಥಾ, ಅಲ್ ಕುಸೈಸ್ ಕಡೆ, ಶಾರ್ಜಾದಲ್ಲಿ ಮುವೈಲೆ ಕಡೆ ಇಂಥ ಶಾಲೆಗಳು ಜಾಸ್ತಿ. ಅರೇಬಿಕ್ ಕಲಿಯಲೇಬೇಕು, ಅದಕ್ಕೆ ಹೆದರಬೇಡಿ, ಮಕ್ಕಳು ನಮಗಿಂತ ಬೇಗ ಹಿಡಿಯುತ್ತಾರೆ.

ಶಾರ್ಜಾದಲ್ಲಿ ಮನೆ, ದುಬೈಯಲ್ಲಿ ಕೆಲಸ ಅಂದರೆ ಬೆಳಿಗ್ಗೆ ಎರಡೂ ಊರನ್ನು ಸೇರಿಸುವ ಇತ್ತಿಹಾದ್ ರಸ್ತೆಯಲ್ಲಿ ಏನಾಗುತ್ತದೆ ಎಂದು ಒಂದು ಸಲ ಹೋಗಿ ನೋಡಿ, ಆಮೇಲೆ ನಿರ್ಧರಿಸಿ. ಮೆಟ್ರೋ ಶಾರ್ಜಾಕ್ಕೆ ಬರುವುದಿಲ್ಲ. ಇನ್ನೊಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. 2022ರ ಜನವರಿಯಿಂದ ದುಬೈಯಲ್ಲಿ ಶನಿವಾರ, ಭಾನುವಾರ ರಜೆ, ಶುಕ್ರವಾರ ಶಾಲೆ ಅರ್ಧ ದಿನ. ಶಾರ್ಜಾದ ಶಾಲೆಗಳಿಗೆ ಶುಕ್ರವಾರವೂ ರಜೆ. ಮಗು ಶಾರ್ಜಾದ ಶಾಲೆಯಲ್ಲಿ ಓದಿ, ಅಪ್ಪ ಅಮ್ಮ ಇಬ್ಬರೂ ದುಬೈಯಲ್ಲಿ ದುಡಿಯುವುದಾದರೆ ಪ್ರತಿ ಶುಕ್ರವಾರ ಮಗುವಿನ ಜೊತೆ ಯಾರಿರುತ್ತಾರೆ? ಬಾಡಿಗೆಯಲ್ಲಿ ಉಳಿಸಿದ ದುಡ್ಡು ಸುಮ್ನೆ ಮಗು ನೋಡಿಕೊಳ್ಳುವವರಿಗೆ ಹೋಗುತ್ತದೆ.

ಇದನ್ನೆಲ್ಲ ನೋಡಿ ಹಲವರು ದುಬೈಯ ಅಲ್ ನಹ್ದಾ, ಅಲ್ ಕುಸೈಸ್‌ನಲ್ಲಿ ನೆಲೆಸುತ್ತಾರೆ. ಮೆಟ್ರೋದ ಗ್ರೀನ್ ಲೈನ್ ಹತ್ತಿರ, ಶಾಲೆಗಳೂ ಹತ್ತಿರ. ಕರಾಮಾ, ಬರ್ ದುಬೈ ಹಳೆಯ ಬಡಾವಣೆಗಳು. ದೋಸೆ, ಹೂವು, ಪೂಜೆ ಸಾಮಾನು ಎಲ್ಲ ಕೆಳಗಿಳಿದರೆ ಸಿಗುತ್ತದೆ. ಪಾರ್ಕಿಂಗ್ ಮಾತ್ರ ಕೇಳಬೇಡಿ.

ಬಾಡಿಗೆಯ ಲೆಕ್ಕ

ಇಲ್ಲಿ ಬಾಡಿಗೆ ವರ್ಷದ ಲೆಕ್ಕ. ಒಂದು, ಎರಡು ಅಥವಾ ನಾಲ್ಕು ಚೆಕ್ ಮುಂಚೆಯೇ ಬರೆದುಕೊಡಬೇಕು, ಅಂದರೆ ಚೆಕ್‌ಬುಕ್ ಬರುವವರೆಗೆ ಒಳ್ಳೆಯ ಮನೆ ಕಣ್ಣೆದುರಿಗಿದ್ದರೂ ಕೈಗೆ ಸಿಗುವುದಿಲ್ಲ. ಬಾಡಿಗೆಯ ಮೇಲೆ ಸಾಮಾನ್ಯವಾಗಿ ಶೇ 5 ಡಿಪಾಸಿಟ್, ಏಜೆಂಟರಿಗೆ ಬಹುತೇಕ ಅಷ್ಟೇ ಕಮಿಷನ್. ದುಬೈಯಲ್ಲಿ ಕರಾರನ್ನು 'ಇಜಾರಿ' ಎಂಬ ಸರ್ಕಾರಿ ಬಾಡಿಗೆ ನೋಂದಣಿಯಲ್ಲಿ ದಾಖಲಿಸಿದ ಮೇಲೆಯೇ ಕರೆಂಟು, ನೀರು. ಅದಕ್ಕೆ 'ದೇವಾ' (DEWA, ದುಬೈಯ ವಿದ್ಯುತ್–ನೀರು ಸಂಸ್ಥೆ) ಫ್ಲಾಟಿಗೆ 2000 ದಿರ್ಹಮ್ ಡಿಪಾಸಿಟ್ ಇಡಿಸಿಕೊಳ್ಳುತ್ತದೆ, ಮನೆ ಬಿಡುವಾಗ ಅದು ವಾಪಸ್. ಮೊದಲ ಕರೆಂಟ್ ಬಿಲ್ ನೋಡಿ ಬೆಚ್ಚಬೇಡಿ. ವರ್ಷದ ಬಾಡಿಗೆಯ ಶೇ 5 ಮುನಿಸಿಪಾಲಿಟಿ ಶುಲ್ಕವನ್ನು ತಿಂಗಳಿಗೆ ಹಂಚಿ ಅದರಲ್ಲೇ ಸೇರಿಸಿರುತ್ತಾರೆ. ಎಸಿ ಖರ್ಚು ಯಾರದು ಎಂದು ಸಹಿ ಹಾಕುವ ಮುಂಚೆ ಕೇಳಿ. 'ಚಿಲ್ಲರ್ ಫ್ರೀ' ಅಂದರೆ ಅದು ಮಾಲೀಕರದು. ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಅಂಥ ಮನೆಯೇ ವಾಸಿ ಅನ್ನುವುದು ನಮ್ಮ ಅಭಿಪ್ರಾಯ.

ಕಾಗದಪತ್ರ

ಮನೆಯವರು ಇನ್ನೂ ಊರಿನಲ್ಲಿದ್ದರೆ ಈ ಭಾಗವನ್ನು ಅವರಿಗೆ ಇವತ್ತೇ ಕಳಿಸಿಕೊಡಿ. ಅವರ ವೀಸಾ ಮಾಡಿಸಲು ಮದುವೆ ನೋಂದಣಿ ಪತ್ರ, ಮಕ್ಕಳ ಜನನ ಪತ್ರಕ್ಕೆ ಮೊದಲು ರಾಜ್ಯ ಸರ್ಕಾರದ, ಆಮೇಲೆ ವಿದೇಶಾಂಗ ಇಲಾಖೆಯ, ಕೊನೆಗೆ ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿಯ ಮುದ್ರೆ ಬೀಳಬೇಕು. ಇಲ್ಲಿಗೆ ಬಂದ ಮೇಲೆ ಇಲ್ಲಿನ ವಿದೇಶಾಂಗ ಇಲಾಖೆಯದ್ದು ಇನ್ನೊಂದು. ದಯವಿಟ್ಟು ಯಾವುದನ್ನೂ ಲ್ಯಾಮಿನೇಟ್ ಮಾಡಿಸಬೇಡಿ. ಪ್ಲಾಸ್ಟಿಕ್ ಮೇಲೆ ಮುದ್ರೆ ಒತ್ತಲು ಆಗುವುದಿಲ್ಲ. ಟಿಸಿಗೆ ಏನೇನು ಮುದ್ರೆ ಬೇಕು ಎಂದು ಸೇರಿಸುವ ಶಾಲೆಯನ್ನೇ ಕೇಳಿ.

ಲಗೇಜಿನಲ್ಲಿ ಅಕ್ಕಿ, ಬೇಳೆ, ರಾಗಿ ಹಿಟ್ಟು ಹೊತ್ತು ತರಬೇಕಿಲ್ಲ, ಎಲ್ಲ ಇಲ್ಲೇ ಸಿಗುತ್ತದೆ. ಸಾರಿನ ಪುಡಿ ತನ್ನಿ. ಗಸಗಸೆ ಮಾತ್ರ ಒಂದು ಚಿಟಿಕೆಯೂ ಬೇಡ, ಇಲ್ಲಿ ಅದು ನಿಷಿದ್ಧ ವಸ್ತು. ಅತ್ತೆಯವರು ಪ್ರೀತಿಯಿಂದ ಕಟ್ಟಿಕೊಟ್ಟ ಮಸಾಲೆ ಡಬ್ಬಿಯಲ್ಲೂ ಒಮ್ಮೆ ನೋಡಿಕೊಳ್ಳಿ. ಮಾತ್ರೆಗಳಿದ್ದರೆ ಡಾಕ್ಟರ ಚೀಟಿ ಜೊತೆಗಿರಲಿ. ಕೊಡೀನ್, ಟ್ರಮಡಾಲ್ ಇರುವ ಔಷಧಿಗೆ ಮುಂಚಿತವಾಗಿ ಅನುಮತಿ ಬೇಕು.

ದಿನನಿತ್ಯ

ಅರಬ್ ದೇಶ ಅಂತ ಬಂದು, ಅರೇಬಿಕ್ ಬಾರದೆ ಹೇಗಪ್ಪಾ ಅಂದುಕೊಂಡವರಿಗೆ ಮೊದಲ ವಾರವೇ ಗೊತ್ತಾಗುತ್ತದೆ: ಅಂಗಡಿಯಲ್ಲಿ ಮಲಯಾಳಂ, ಟ್ಯಾಕ್ಸಿಯಲ್ಲಿ ಹಿಂದಿ–ಉರ್ದು, ಲಿಫ್ಟಿನಲ್ಲಿ ಇಂಗ್ಲಿಷ್. ಅರೇಬಿಕ್‌ನಲ್ಲಿ ಒಂದು ಸಲಾಂ, ಒಂದು 'ಶುಕ್ರನ್' (ಧನ್ಯವಾದ) ಇದ್ದರೆ ಸಾಕು, ಎದುರಿನವರ ಮುಖ ಅರಳುತ್ತದೆ. ಎಮಿರಾಟಿಗಳು, ಅಂದರೆ ಈ ದೇಶದ ಪ್ರಜೆಗಳು, ನಿಮಗೆ ಸಿಗುವುದು ಬಹುಮಟ್ಟಿಗೆ ಕಚೇರಿಗಳಲ್ಲೇ. ಕಟ್ಟಡದ ಕೆಳಗಿನ ಗ್ರೋಸರಿಗೆ ಫೋನ್ ಮಾಡಿದರೆ ಒಂದು ಕಟ್ಟು ಕೊತ್ತಂಬರಿಯನ್ನೂ ಮೇಲಕ್ಕೆ ತಂದುಕೊಡುತ್ತಾರೆ. ಕೆಫೆಟೇರಿಯಾ ಮುಂದೆ ಕಾರು ನಿಲ್ಲಿಸಿದರೆ ಹುಡುಗ ಕಡಕ್ ಚಹಾ ಕಾರಿಗೇ ತರುತ್ತಾನೆ. ಕಾಫಿ ಬಿಡದವರೂ ಆರು ತಿಂಗಳಲ್ಲಿ ಆ ಚಹಾಕ್ಕೆ ಬೀಳುತ್ತಾರೆ.

ವಾಟ್ಸಾಪ್‌ನಲ್ಲಿ ಮೆಸೇಜ್ ಹೋಗುತ್ತದೆ, ಕರೆ ಹೋಗುವುದಿಲ್ಲ. ಅಮ್ಮನ ಫೋನಿಗೆ ಕರೆ ಮಾಡುವ 'ಬೋಟಿಮ್' ಆ್ಯಪ್ ಹಾಕಿಸಿಕೊಂಡೇ ಹೊರಡಿ. ನಮ್ಮ ಗಡಿಯಾರ ಊರಿಗಿಂತ ಒಂದೂವರೆ ಗಂಟೆ ಹಿಂದೆ, ಅದನ್ನು ಮರೆತು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೆ ಅಲ್ಲಿ ಎಲ್ಲರಿಗೂ ಗಾಬರಿ.

ಬೇಸಿಗೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಷ್ಣಾಂಶ 40 ಡಿಗ್ರಿ ದಾಟುವುದು ಮಾಮೂಲು. ಆಗಸ್ಟಿನ ಸೆಖೆಯಲ್ಲಿ ಹೊರಗೆ ಕಾಲಿಟ್ಟರೆ ಕನ್ನಡಕ ಮಂಜಾಗುತ್ತದೆ. ಕಟ್ಟಡ ಕೆಲಸದವರಿಗೆ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಿನಲ್ಲಿ ದುಡಿಸುವಂತಿಲ್ಲ ಎಂಬ ಕಾನೂನೇ ಇದೆ. ಮಕ್ಕಳಿಗೂ ಅದೇ ನಿಯಮ ಇಟ್ಟುಕೊಳ್ಳಿ. ಛಾವಣಿಯ ಟ್ಯಾಂಕು ಕಾದು ನಲ್ಲಿಯ ತಣ್ಣೀರೇ ಕೈ ಸುಡುತ್ತದೆ. ಉಪಾಯ ಹೀಗೆ: ಬೇಸಿಗೆಯಿಡೀ ಗೀಸರ್ ಆಫ್ ಮಾಡಿಡಿ. ಮನೆಯೊಳಗಿನ ಎಸಿಯಲ್ಲಿ ಅದರ ನೀರು ತಣ್ಣಗಾಗಿರುತ್ತದೆ. ಬಿಸಿನೀರಿನ ನಲ್ಲಿ ತಿರುಗಿಸಿದರೆ ತಣ್ಣೀರು, ತಣ್ಣೀರಿನದ್ದು ತಿರುಗಿಸಿದರೆ ಬಿಸಿನೀರು! ಮನೆಯಲ್ಲೇ ಇರುವವರಿಗೆ ಈ ತಿಂಗಳುಗಳು ಕಷ್ಟ. ಬಾಗಿಲು ಹಾಕಿಕೊಂಡು ಒಬ್ಬರೇ ಕೂರಬೇಡಿ, ಸಂಘದ ಮಹಿಳಾ ಗುಂಪಿಗೆ ಸೇರಿಕೊಳ್ಳಿ.

ರಂಜಾನ್ ತಿಂಗಳಲ್ಲಿ ಶಾಲೆ, ಕಚೇರಿಗಳ ವೇಳೆ ಕಡಿಮೆ. ಉಪವಾಸ ಇರುವವರ ಎದುರು ಹಗಲು ತಿನ್ನುವುದು ಕುಡಿಯುವುದು ಚೆನ್ನಾಗಿರುವುದಿಲ್ಲ. ಪಕ್ಕದ ಮನೆಯಿಂದ ಸಂಜೆ ಖರ್ಜೂರ, ಹರೀಸ್ (ಗೋಧಿ–ಮಾಂಸದ ಗಂಜಿ) ಬಂದರೆ ಖಾಲಿ ತಟ್ಟೆ ವಾಪಸ್ ಕಳಿಸಬೇಡಿ, ನಮ್ಮೂರಿನ ಪದ್ಧತಿ ಇಲ್ಲೂ ನಡೆಯುತ್ತದೆ.

ಕಾನೂನಿನಲ್ಲಿ ಎರಡು ಮಾತು ಮುಖ್ಯ. ಒಪ್ಪಿಗೆ ಇಲ್ಲದೆ ಯಾರ ಫೋಟೋವನ್ನೂ ತೆಗೆಯಬೇಡಿ, ವಾಟ್ಸಾಪ್ ಗುಂಪಿನಲ್ಲಿ ಬೈಗುಳ ಬರೆಯಬೇಡಿ. ಎರಡೂ ಪೊಲೀಸ್ ಕೇಸಾಗುತ್ತವೆ. ಎಷ್ಟೇ ಒಳ್ಳೆಯ ಕೆಲಸವಿರಲಿ, ಅನುಮತಿ ಇಲ್ಲದೆ ಚಂದಾ ಎತ್ತುವುದೂ ಅಪರಾಧ. ಊರಿನ ದೇವಸ್ಥಾನದ ರಸೀದಿ, ಆಸ್ಪತ್ರೆ ಖರ್ಚಿನ ಮನವಿ ನಮ್ಮ ಗುಂಪಿನಲ್ಲಿ ಬಂದರೆ ನಾವು ಅಳಿಸುತ್ತೇವೆ, ಬೇಸರ ಮಾಡಿಕೊಳ್ಳಬೇಡಿ. ಪೊಲೀಸ್ 999, ಆಂಬುಲೆನ್ಸ್ 998, ಅಗ್ನಿಶಾಮಕ 997.

ಅಪ್ಪ ಅಮ್ಮನನ್ನು ಕರೆಸುವಾಗ

ನವೆಂಬರ್‌ನಿಂದ ಮಾರ್ಚ್ ಒಳಗೆ ಕರೆಸಿ. ಹವೆ ಹಿತವಾಗಿರುತ್ತದೆ, ರಾಜ್ಯೋತ್ಸವವೂ ಆಗ ನಡೆಯುತ್ತದೆ. ಜುಲೈ–ಆಗಸ್ಟ್ ಶಾಲಾ ರಜೆಯಲ್ಲಿ ವಿಮಾನದ ದರ ಏರಿರುತ್ತದೆ. ಟಿಕೆಟ್‌ಗಿಂತ ಮೊದಲು ಅವರ ಪಾಸ್‌ಪೋರ್ಟ್ ತೆಗೆದು ನೋಡಿ. ನಮ್ಮ ಹಿರಿಯರಲ್ಲಿ ಎಷ್ಟೋ ಜನರಿಗೆ ಸರ್‌ನೇಮ್ ಇಲ್ಲ, ಬರೀ 'ಲಕ್ಷ್ಮಮ್ಮ' ಅಂತ ಇರುತ್ತದೆ. ಹಾಗೆ ಒಂದೇ ಪದದ ಹೆಸರಿದ್ದವರಿಗೆ 2022ರ ನವೆಂಬರ್‌ನಿಂದ ವಿಸಿಟ್ ವೀಸಾದಲ್ಲಿ ತೊಡಕಾಗಿದೆ. ಕೊನೆಯ ಪುಟದಲ್ಲಿ ತಂದೆಯ ಹೆಸರಿದೆಯೇ ನೋಡಿಕೊಂಡು, ವಿಮಾನ ಸಂಸ್ಥೆಯನ್ನೂ ಕೇಳಿ, ಆಮೇಲೆ ದುಡ್ಡು ಕಟ್ಟಿ.