ಬಾವುಟ ಏಳುತ್ತಿತ್ತು, ಮೀನು ಬರುತ್ತಿರಲಿಲ್ಲ

ಮಿನ್ನೆಸೋಟಕ್ಕೆ ಬಂದ ಎರಡನೇ ಚಳಿಗಾಲ. ಹೆಪ್ಪುಗಟ್ಟಿದ ಮಿಲ್ ಲ್ಯಾಕ್ಸ್ ಸರೋವರದ ಮೇಲೆ, ವಾಲೈ ಎಂಬ ಮೀನಿಗೆಂದು ಇಟ್ಟಿದ್ದ ನನ್ನ ಟಿಪ್-ಅಪ್‌ನ ಬಾವುಟ ಒಂದೇ ಸಂಜೆ ಐದು ಸಲ ಎದ್ದಿತು. ಐದು ಸಲವೂ ಎದ್ದುಬಿದ್ದು ಓಡಿದೆ. ಐದು ಸಲವೂ ಮೇಲೆ ಬಂದದ್ದು ಬರೀ ಗಾಳ. ಎರಡು ಸಲವಂತೂ ಗಾಳಕ್ಕೆ ಸಿಕ್ಕಿಸಿದ್ದ ಮರಿಮೀನು ಹಾಗೇ ಇತ್ತು, ಮೈಮೇಲೆ ಹಲ್ಲಿನ ಗೀರು ಮಾತ್ರ.

ಟಿಪ್-ಅಪ್ ಅಂದರೆ ನಮ್ಮ ಬೆಂಡಿನ ಕೆಲಸ ಮಾಡುವ ಸಾಧನ. ಮಂಜುಗಡ್ಡೆ ಕೊರೆದ ತೂತಿನ ಮೇಲೆ ಅಡ್ಡಡ್ಡ ಕೂರುವ ಮರದ ಪಟ್ಟಿ. ಅದರಿಂದ ಇಳಿಬಿಟ್ಟ ಕಂಬಿಯ ತುದಿಗೆ ದಾರ ಸುತ್ತಿದ ಸ್ಪೂಲ್. ಸ್ಪೂಲ್ ನೀರಿನೊಳಗೇ ಇರುವುದರಿಂದ ದಾರ ಹೆಪ್ಪುಗಟ್ಟುವುದಿಲ್ಲ. ಮೀನು ದಾರ ಎಳೆದರೆ ಸ್ಪೂಲ್ ತಿರುಗುತ್ತದೆ, ಮೇಲಿನ ಪುಟ್ಟ ಕೊಕ್ಕೆಯೂ ತಿರುಗಿ, ಬಗ್ಗಿಸಿಟ್ಟ ಬಾವುಟವನ್ನು ಬಿಟ್ಟುಬಿಡುತ್ತದೆ.

ತಪ್ಪು ನನ್ನದೇ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ, ಪೈಕ್ ಮೀನಿಗೆಂದು ಕಟ್ಟಿದ ಸ್ಟೀಲ್ ತಂತಿ, ದೊಡ್ಡ ಮುಮ್ಮೊನೆ ಗಾಳ ತಂದು ಹಾಗೇ ಇಳಿಸಿದ್ದೆ. ಪೈಕ್ ಒರಟು ಪ್ರಾಣಿ, ಕಚ್ಚಿದರೆ ಎಳೆದುಕೊಂಡೇ ಹೋಗುತ್ತದೆ. ಅದರ ಹಲ್ಲು ದಾರ ಕತ್ತರಿಸುತ್ತದೆ, ಹಾಗಾಗಿ ತಂತಿ ಬೇಕು. ವಾಲೈ ಹಾಗಲ್ಲ. ಬಾಯಿಗೆ ಹಾಕಿಕೊಂಡು ಸ್ವಲ್ಪ ನೋಡುತ್ತದೆ. ಏನೋ ಭಾರ ಅನ್ನಿಸಿದರೆ ಉಗುಳಿ ಹೋಗುತ್ತದೆ. ಹಲ್ಲು ಅದಕ್ಕೂ ಇದೆ, ಆದರೆ ಸಾಮಾನ್ಯವಾಗಿ ದಾರ ಕತ್ತರಿಸುವಂಥದ್ದಲ್ಲ.

ಮಾರನೇ ವಾರ ಎಲ್ಲ ಬಿಚ್ಚಿ ಹೊಸದಾಗಿ ಕಟ್ಟಿದೆ. ಸ್ಪೂಲಿಗೆ 30 ಪೌಂಡ್ ಎಳೆತ ತಾಳುವ, ಹೆಣೆದ ಡೇಕ್ರಾನ್ (ಪಾಲಿಯೆಸ್ಟರ್) ದಾರ, ಸುಮಾರು 50 ಅಡಿ. ಮೀನಿಗಾಗಿ ಇಷ್ಟು ದಪ್ಪ ಬೇಕಿಲ್ಲ, ನನ್ನ ಕೈಗಾಗಿ ಬೇಕು. ಬರಿಗೈಯಲ್ಲಿ ಎಳೆಯುವಾಗ ತೆಳು ದಾರ ಬೆರಳು ಕೊಯ್ಯುತ್ತದೆ, ಮಂಜಿನ ಮೇಲೆ ಬಿದ್ದಲ್ಲಿ ಗೋಜಲಾಗುತ್ತದೆ. ಅದರ ತುದಿಗೆ ಅತಿ ಚಿಕ್ಕ ಸ್ವಿವೆಲ್, ಅಂದರೆ ತಿರುಗುವ ಕೊಂಡಿ. ಸ್ವಿವೆಲಿನಿಂದ ಕೆಳಗೆ 8 ಪೌಂಡಿನ ಫ್ಲೋರೋಕಾರ್ಬನ್, ನೀರಲ್ಲಿ ಅಷ್ಟಾಗಿ ಕಾಣದ ತೆಳು ದಾರ, 5 ಅಡಿ. ಗಾಳ 6ನೇ ನಂಬರಿನ ಮುಮ್ಮೊನೆಯದು. (ಈ ನಂಬರ್ ದೊಡ್ಡದಾದಷ್ಟೂ ಗಾಳ ಚಿಕ್ಕದು. ನಾನು ಮೊದಲ ಸಲ ತಿರುಗಾಮುರುಗಾ ಕೊಂಡಿದ್ದೆ.) ಗಾಳದಿಂದ ಒಂದೂವರೆ ಅಡಿ ಮೇಲೆ ಒಂದೇ ಒಂದು ಸೀಸದ ಗುಂಡು, ಮರಿಮೀನು ಮೇಲಕ್ಕೆ ಈಜಿಕೊಂಡು ಹೋಗದಷ್ಟು ತೂಕ, ಅಷ್ಟೇ. ಶೈನರ್ ಎಂಬ ಸಣ್ಣ ಮೀನಿನ ಮೂರು ಇಂಚಿನ ಮರಿಯ ಬೆನ್ನಿನ ರೆಕ್ಕೆಯ ಕೆಳಗೆ ಚರ್ಮದಡಿಯಲ್ಲಿ ಒಂದು ಮೊನೆ ಮಾತ್ರ ಚುಚ್ಚುತ್ತೇನೆ. ಬೆನ್ನುಮೂಳೆಗೆ ತಾಗಿದರೆ ಅದು ಸತ್ತೇಹೋಗುತ್ತದೆ.

ಆಮೇಲೆ ಗುಂಡಿ. ಹಳೆಯ ಶರ್ಟಿನದು, ಎರಡು ತೂತಿನದು. ಸ್ವಿವೆಲ್ ಕಟ್ಟುವ ಮೊದಲೇ ಡೇಕ್ರಾನ್ ದಾರವನ್ನು ಒಂದು ತೂತಿನಲ್ಲಿ ಹಾಕಿ ಇನ್ನೊಂದರಲ್ಲಿ ತೆಗೆಯಬೇಕು. ಗಾಳಕ್ಕೆ ಸೀಸದ ತೂಕ ಸಿಕ್ಕಿಸಿ ತಳ ಮುಟ್ಟಿಸಿ, ಅಲ್ಲಿಂದ ಒಂದು ಅಡಿ ಮೇಲೆತ್ತಿ, ದಾರ ಸ್ಪೂಲ್ ಬಿಡುವ ಜಾಗಕ್ಕೆ ಗುಂಡಿ ಸರಿಸಿಡುತ್ತೇನೆ. ಒಂದು ಮೀನು ಸಿಕ್ಕ ಮೇಲೆ ಕತ್ತಲಲ್ಲಿ ಮತ್ತೆ ಆಳ ಅಳೆಯುವ ರಗಳೆ ಇಲ್ಲ, ಗುಂಡಿಯವರೆಗೆ ದಾರ ಬಿಟ್ಟರೆ ಮುಗಿಯಿತು.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಮಾತ್ರ ದಾರವಲ್ಲ, ಬಾವುಟ ಹಿಡಿದಿಡುವ ಆ ಕೊಕ್ಕೆ. ನನ್ನದರಲ್ಲಿ ಒಂದು ಬದಿಗೆ ಕಚ್ಚು ಇದೆ, ಇನ್ನೊಂದು ನುಣುಪು. ಗಾಳಿಗೆ ಸುಮ್ಮನೆ ಏಳಬಾರದೆಂದು ಕಚ್ಚಿನ ಬದಿಗೆ ಹಾಕುತ್ತಿದ್ದೆ, ವಾಲೈಗೆ ಆ ಬಿಗಿಯೇ ಹೆಚ್ಚು. ಈಗ ನುಣುಪು ಬದಿಗೇ ಹಾಕುತ್ತೇನೆ. ದಿನಕ್ಕೆ ಒಂದೆರಡು ಸಲ ಗಾಳಿ ನನ್ನನ್ನು ಸುಮ್ಮನೆ ಓಡಿಸುತ್ತದೆ, ಓಡಿಸಲಿ.

ಈ ರಾಜ್ಯದಲ್ಲಿ ಚಳಿಗಾಲದಲ್ಲಿ ಒಬ್ಬರಿಗೆ ಎರಡೇ ದಾರ, ಟಿಪ್-ಅಪ್‌ನಿಂದ 200 ಅಡಿಯೊಳಗೆ ಇರಬೇಕು. ಒಂದು ಟಿಪ್-ಅಪ್, ಒಂದು ಕೈಗೋಲು ಇಟ್ಟುಕೊಳ್ಳುತ್ತೇನೆ. ಮಂಜುಗಡ್ಡೆ ನಾಲ್ಕು ಇಂಚು ಗಟ್ಟಿಯಾಗದೆ ಕಾಲಿಡುವುದಿಲ್ಲ. ತೂತು ಕೊರೆಯುವ ಸದ್ದು ಮಧ್ಯಾಹ್ನ ಮೂರು ಗಂಟೆಯೊಳಗೇ ಮುಗಿಯಬೇಕು. ಜನವರಿ ಮೊದಲ ವಾರದಲ್ಲಿ ಇಲ್ಲಿ ನಾಲ್ಕೂಮುಕ್ಕಾಲಿಗೆಲ್ಲ ಹೊತ್ತು ಮುಳುಗುತ್ತದೆ, ವಾಲೈ ಮೇಯಲು ಹೊರಡುವುದೂ ಆಗಲೇ. ಬೆಕ್ಕಿನ ಕಣ್ಣಿನ ಹಾಗೆ ಅದರ ಕಣ್ಣಿನ ಹಿಂದೆಯೂ ಬೆಳಕು ಮರಳಿಸುವ ಪದರ ಇದೆ. ಮಬ್ಬಿನಲ್ಲಿ ಅದಕ್ಕೆ ಕಾಣುತ್ತದೆ, ಮರಿಮೀನಿಗೆ ಅಷ್ಟಾಗಿ ಕಾಣುವುದಿಲ್ಲ.

ಬಾವುಟ ಎದ್ದರೆ ಈಗ ಓಡುವುದಿಲ್ಲ, ನಡೆಯುತ್ತೇನೆ. ಮಂಜುಗಡ್ಡೆಯ ಮೇಲೆ ಧಡಧಡ ಹೆಜ್ಜೆ ಕೆಳಗೆ ಕೇಳಿಸುತ್ತದೆ. ತೂತಿನೊಳಗೆ ಬಗ್ಗಿ ಸ್ಪೂಲ್ ತಿರುಗುತ್ತಿದೆಯಾ ನೋಡಿ, ಟಿಪ್-ಅಪ್ ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು, ದಾರ ಬೆರಳಲ್ಲಿ ಬಿಗಿಯಾಗುವವರೆಗೆ ಕಾಯುವುದು. ಬಿಗಿಯಾದ ತಕ್ಷಣ ಮಣಿಕಟ್ಟಿನಿಂದ ಒಂದೇ ಎಳೆತ. ಪೈಕ್ ಹಿಡಿಯುವವರು ಹೆಚ್ಚು ಹೊತ್ತು ಕಾಯಿರಿ ಅನ್ನುತ್ತಾರೆ. ಮೂರು ಇಂಚಿನ ಮರಿಗೆ ಅದು ಬೇಡ, ವಾಲೈ ಗಾಳ ನುಂಗಿಬಿಟ್ಟರೆ ಬದುಕಿಸಿ ಬಿಡುವುದು ಕಷ್ಟ.

ಹೊಸದಾಗಿ ಕಟ್ಟಿದ ಮೇಲಿನ ಮೊದಲ ಮೀನನ್ನು ನಾನು ಕಳೆದುಕೊಂಡದ್ದು ತೂತಿನ ಬಾಯಲ್ಲೇ. ತಲೆ ಮೇಲೆ ಬರುವ ಮುಂಚೆ ಅವಸರಿಸಿ ಎಳೆದೆ, ಗಾಳದ ಹೊರಗಿದ್ದ ಮೊನೆ ಮಂಜುಗಡ್ಡೆಯ ಕೆಳ ಅಂಚಿಗೆ ಸಿಕ್ಕಿಕೊಂಡಿತು. ಮೀನು ಒಮ್ಮೆ ಬಾಲ ಬಡಿದು ಕೆಳಗೆ ಹೋಯಿತು. ಎರಡನೆಯದು ಅದೇ ತೂತಿನಲ್ಲಿ ಇಪ್ಪತ್ತು ನಿಮಿಷದ ನಂತರ ಎಳೆಯಿತು. ಈ ಸಲ ಅಂಚಿನ ಹತ್ತಿರ ಬಂದಾಗ ದಾರ ಸ್ವಲ್ಪ ಸಡಿಲ ಬಿಟ್ಟೆ. ಅದು ತಾನೇ ಒಂದು ಸುತ್ತು ಹಾಕಿತು, ತಲೆ ತೂತಿಗೆ ನೇರವಾದಾಗ ಕೈ ಹಾಕಿ ಎತ್ತಿದೆ. ಟಾರ್ಚ್ ಬೆಳಕಿಗೆ ಕಣ್ಣು ಹಾಲುಬಿಳುಪಾಗಿ ಹೊಳೆಯಿತು. ಗುಂಡಿಯವರೆಗೆ ದಾರ ಬಿಟ್ಟು ಟಿಪ್-ಅಪ್ ಮತ್ತೆ ಕೂರಿಸಿದ ಮೇಲೇ ಒದ್ದೆ ಕೈಗೆ ಗ್ಲೌಸ್ ಹಾಕಿಕೊಂಡೆ.