ಸುಣ್ಣ-ಬಣ್ಣಕ್ಕೂ ಮೊದಲು ಹಾಜರಿ ಪುಸ್ತಕ ತೆರೆಯಿರಿ

ಶಾಲೆ ಸುಧಾರಣೆ ಅಂದರೆ ಗೋಡೆಗೆ ರೈಲು ಡಬ್ಬಿಯ ಚಿತ್ರ ಬರೆಸುವುದು ಎಂದಾಗಿದೆ. ಬರೆಸಲಿ, ಚೆಂದವೇ. ಆದರೆ ವಿಜಯಪುರ ಜಿಲ್ಲೆಯ ಲಂಬಾಣಿ ತಾಂಡಾಗಳಿಂದ ದೀಪಾವಳಿ ಆಚೀಚೆ ಎಷ್ಟೋ ಮಕ್ಕಳು ಕಬ್ಬು ಕಡಿಯುವ ಅಪ್ಪ-ಅವ್ವನ ಜತೆ ಮಹಾರಾಷ್ಟ್ರದ ಹಾದಿ ಹಿಡಿಯುತ್ತಾರೆ. ಬೆಂಚು ಖಾಲಿಯಾದದ್ದು ಮೊದಲು ಕಾಣುವುದು ಮಾಸ್ತರಿಗೆ, ಅಕ್ಕೋರಿಗೆ. ಶಾಲೆ ಸುಧಾರಣೆಯ ಯೋಜನೆಯೂ ಅವರಿಂದಲೇ ಶುರುವಾಗಲಿ.

ಮೊದಲು, ಜೂನ್‌ನಲ್ಲಿ ಹೋದ ವರ್ಷದ ಹಾಜರಿ ಪುಸ್ತಕ ಹರವಿಕೊಂಡು ಕೂಡಿ. ಯಾವ ಮಗು ಯಾವ ವಾರದಿಂದ ಬರಲಿಲ್ಲ? ಕಬ್ಬು, ಕುರಿ, ತಮ್ಮನನ್ನು ಆಡಿಸುವುದು, ಜಾತ್ರೆ – ಕಾರಣವನ್ನು ಪಕ್ಕದಲ್ಲೇ ಬರೆಯಿರಿ. ‘ಪಾಲಕರ ನಿರ್ಲಕ್ಷ್ಯ’ ಎಂದು ಮಾತ್ರ ಬರೆಯಬೇಡಿ. ಹಾಗೆ ಬರೆದರೆ ಮುಂದೆ ಮಾಡಲು ಏನೂ ಉಳಿಯದು.

ಆಮೇಲೆ ಒಬ್ಬೊಬ್ಬರನ್ನೇ ಕೂಡಿಸಿಕೊಂಡು ಓದಿಸಿ. ಐದನೇ ತರಗತಿಯವರಿಗೆ ಎರಡನೇ ತರಗತಿಯ ಒಂದು ಪ್ಯಾರಾ, ಒಂದು ಕಳೆಯುವ ಲೆಕ್ಕ ಸಾಕು. ಇಲ್ಲೊಂದು ಸೂಕ್ಷ್ಮವಿದೆ. ತಾಂಡಾದ ಮಗು ಮನೆಯಲ್ಲಿ ಆಡುವುದು ಲಂಬಾಣಿ. ಅಕ್ಷರ ಕೂಡಿಸಲು ಬಾರದಿರುವುದು ಬೇರೆ, ಓದಿಯೂ ಪದದ ಅರ್ಥ ಹೊಳೆಯದಿರುವುದು ಬೇರೆ. ಎರಡನೆಯದಾದರೆ ದೊಡ್ಡ ತರಗತಿಯ ಹುಡುಗಿಯೊಬ್ಬಳಿಂದ ಅದನ್ನೇ ಲಂಬಾಣಿಯಲ್ಲಿ ಹೇಳಿಸಿ ನೋಡಿ.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಶಿಕ್ಷಕರೆಲ್ಲ ಒಂದು ತಾಸು ಸೇರಿ. ಮುಖ್ಯಗುರುಗಳು ಕೊನೆಗೆ ಮಾತಾಡಲಿ. ಮೊದಲೇ ಮಾತಾಡಿದರೆ ಉಳಿದವರು ‘ಹೂಂ ಸರ’ ಅನ್ನುತ್ತಾರೆ, ಅಷ್ಟೇ. ವರ್ಷಕ್ಕೆ ಎರಡೇ ಗುರಿ ಇಟ್ಟುಕೊಳ್ಳಿ.

ಹಾಜರಿ, ಓದು, ಗುರಿಗಳ ಈ ಪಟ್ಟಿಯನ್ನು ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮುಂದಿಡಿ. ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ಶಿಕ್ಷಣ ಹಕ್ಕು ಕಾಯ್ದೆ 2009ರ 22ನೇ ಕಲಮಿನ ಪ್ರಕಾರ ಶಾಲಾ ಸಮಿತಿಯ ಕೆಲಸ. ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಪಾಲಕರು, ಅರ್ಧದಷ್ಟು ಹೆಂಗಸರು ಇರಬೇಕು. ಕೂಲಿ ಬಿಟ್ಟು ಹಗಲು ಯಾರು ಬಂದಾರು? ಸಂಜೆ ನೀವೇ ತಾಂಡಾಕ್ಕೆ ಹೋಗಿ. ನೀರು, ಶೌಚಾಲಯದ ಅರ್ಜಿ ಗ್ರಾಮ ಪಂಚಾಯಿತಿಗೆ ಹೋಗಲಿ. ಅದರಲ್ಲೇ ಸಭೆ ಮುಗಿಸಬೇಡಿ.

ಕಬ್ಬಿನ ಮಾತನ್ನು ದಸರೆಗೆ ಮೊದಲೇ ತೆಗೆಯಿರಿ. ಟ್ರ್ಯಾಕ್ಟರ್ ಬಾಗಿಲಿಗೆ ಬಂದಾಗ ಹೇಳಿದರೆ ಯಾರೂ ಕೇಳುವುದಿಲ್ಲ. ‘ಆಯಿ (ಅಜ್ಜಿ) ಹತ್ರ ಬಿಟ್ಟು ಹೋಗ್ರಿ, ನಾವು ನೋಡ್ಕೋತೀವಿ’ ಎಂದು ಅಕ್ಕೋರೇ ಹೇಳಿದರೆ ಕೆಲವರಾದರೂ ಒಪ್ಪುತ್ತಾರೆ. ಹೋಗಲೇಬೇಕಾದ ಮಗುವಿನ ಕೈಗೆ ಪುಸ್ತಕ ಕೊಡಿ, ಮನೆಯವರ ಫೋನ್ ನಂಬರ್ ಬರೆದಿಟ್ಟುಕೊಳ್ಳಿ, ಹೆಸರು ಹೊಡೆದುಹಾಕಬೇಡಿ. ತಿರುಗಿ ಬಂದ ದಿನ ಜೂನ್‌ನ ಅದೇ ಪ್ಯಾರಾ ಓದಿಸಿ. ಎಲ್ಲಿ ತಡವರಿಸುತ್ತದೋ ಅಲ್ಲಿಂದಲೇ ಪಾಠ ಹಿಡಿಯಿರಿ.